ಊರಿಲ್ಲದ ಪ್ರಬಂಧಗಳು

ಕತೆ, ಕಾದಂಬರಿ, ಕವನಸಂಗ್ರಹ, ನಾಟಕ, ಕೊನೆಗೆ ಹರಟೆಯವರೆಗೆ ಎಲ್ಲಕ್ಕೂ ಸಾಹಿತ್ಯ ಪುರವಣಿಯ ಅಂಗಳದಲ್ಲಿ ಒಂದಿಷ್ಟು ಜಾಗವುಂಟು. ವಿಮರ್ಶಕರು ಹೊಗಳಿಯೋ ತೆಗಳಿಯೋ ನಾಲ್ಕು ಮಾತು ಬರೆಯುತ್ತಾರೆ. ಆದರೆ ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವ ಸಾವಿರಾರು ಜನ ರಾತ್ರಿ ನಿದ್ದೆಗೆಟ್ಟು ಬರೆಯುವ ಒಂದು ಗದ್ಯಪ್ರಕಾರವಿದೆ. ಅದನ್ನು ಬರೆದವನ ಬಡ್ತಿ, ಸಂಬಳ, ಮಾನ ಎಲ್ಲವೂ ಅದನ್ನು ನಂಬಿಕೊಂಡಿರುತ್ತವೆ. ಆದರೂ ಅದನ್ನು ಗದ್ಯವೆಂದು ಎತ್ತಿಕೊಂಡು ಓದಿದವರನ್ನು ನಾನು ಕಂಡಿಲ್ಲ. ವಿಜ್ಞಾನ ಪತ್ರಿಕೆಗಳಿಗೆ ಕಳುಹಿಸುವ ಸಂಶೋಧನ ಪ್ರಬಂಧವೇ ಆ ಪ್ರಕಾರ. ವಿಜ್ಞಾನಿಗಳು ಅದನ್ನು ಸಾಹಿತ್ಯವೆಂದರೆ ಮುಜುಗರಪಡುತ್ತಾರೆ. ಸಾಹಿತಿಗಳಿಗಂತೂ ಅದರ ಗೊಡವೆಯೇ ಬೇಡ. ಹೀಗೆ ಎರಡೂ ಮನೆಯವರು ಬಿಟ್ಟ ಕೂಸಿನಂತೆ ಅದು ಬೆಳೆದಿದೆ, ಬೆಳೆದಂತೆ ಕೆಟ್ಟಿದೆ.

ನನಗೂ ಅದರ ಗೊಡವೆ ಇರಲಿಲ್ಲ. ಹೋದ ಚಳಿಗಾಲದಲ್ಲಿ ಗೆಳೆಯರೊಬ್ಬರು ಕುಡಚಿಯ ನಮ್ಮ ಮನೆಗೆ ಬಂದು ಒಂದು ಕಟ್ಟು ಕಾಗದವನ್ನು ಮೇಜಿನ ಮೇಲಿಟ್ಟು, “ಭಾಷಾ ಒಂದಿಷ್ಟು ನೋಡಿ ಕೊಡ್ರಿ” ಎಂದರು. ಅವರು ರಸಾಯನಶಾಸ್ತ್ರದ ಅಧ್ಯಾಪಕರು. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳು ಸವಳು-ಜವಳಾಗುತ್ತಿರುವುದನ್ನು ಕುರಿತು ಕೆಲವು ವರ್ಷಗಳಿಂದ ಮಣ್ಣು, ಬಾವಿಯ ನೀರು ಪರೀಕ್ಷಿಸಿ, ಪ್ರಬಂಧ ಬರೆದು ಒಂದು ಪತ್ರಿಕೆಗೆ ಕಳುಹಿಸಿದ್ದರು. ಅದು ಆರು ತಿಂಗಳ ತರುವಾಯ ಇಬ್ಬರು ಪರಿಶೀಲಕರ ಟೀಕೆಗಳೊಡನೆ ತಿದ್ದುಪಡಿಗಾಗಿ ಹಿಂದಿರುಗಿತ್ತು. ಟೀಕೆಗಳಲ್ಲಿ ಒಂದು, ಭಾಷೆಯನ್ನು ಸುಧಾರಿಸಬೇಕು ಎಂಬುದು. ನಾನು ಇಂಗ್ಲಿಷಿನ ಪಂಡಿತನಲ್ಲ. ಆದರೆ ವಾಕ್ಯವೊಂದು ನಡೆಯುತ್ತಿದೆಯೋ ಕುಂಟುತ್ತಿದೆಯೋ ಎಂಬುದನ್ನು ಹೇಳಬಲ್ಲೆನೆಂಬ ಧೈರ್ಯದಿಂದ ಒಪ್ಪಿಕೊಂಡೆ. ಓದುತ್ತ ಹೋದ ಹಾಗೆ ಕುಂಟುತ್ತಿದ್ದುದು ವಾಕ್ಯವಲ್ಲ, ಬೇರೇನೋ ಎಂದು ತೋರತೊಡಗಿತು.

ಮೊದಲು ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರೆಮಣ್ಣು ನೀರನ್ನು ಬೇಗ ಇಂಗಗೊಡುವುದಿಲ್ಲ. ಹೊಳೆಯಿಂದ ಎತ್ತಿ ತಂದ ನೀರನ್ನು ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ಹಾಯಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ. ಬಿಸಿಲಿಗೆ ಆ ನೀರು ಮಣ್ಣಿನ ಸಣ್ಣ ಸಂದುಗಳಲ್ಲಿ ಏರಿ ಬಂದು ಆವಿಯಾಗಿ, ತನ್ನೊಡನೆ ತಂದ ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟುಹೋಗುತ್ತದೆ. ಮಣ್ಣಿನ ರಸದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಲವಣಭೂಮಿಯೆನ್ನುವುದು ವಾಡಿಕೆ. ಬೆಳಗಿನಲ್ಲಿ ಹೊಲಕ್ಕೆ ಹೋದವರಿಗೆ ಈ ಅಳತೆ ಬೇಕಿಲ್ಲ. ಬದುವಿನ ಬಳಿ ಬೆಳ್ಳಗೆ ಕಾಣುವ ಉಪ್ಪಿನ ಪುಡಿಯೇ ಸಾಕು. ರಾಯಬಾಗ, ಅಥಣಿ, ಕಾಗವಾಡಗಳ ಹೊಳೆಸಾಲಿನ ಒಕ್ಕಲಿಗರಿಗೆ ಇದು ಪ್ರಬಂಧದ ವಿಷಯವಲ್ಲ, ಹೊಟ್ಟೆಯ ವಿಷಯ.

ಇಂಥ ವಿಷಯವನ್ನು ಹೊತ್ತ ಪ್ರಬಂಧದ ತಲೆಬರಹವು ಇಪ್ಪತ್ತೆಂಟು ಪದಗಳದ್ದಾಗಿತ್ತು. ಅದರಲ್ಲಿ ಕುಡಚಿಯಿರಲಿಲ್ಲ. ಕೃಷ್ಣೆಯಿರಲಿಲ್ಲ. “ದಕ್ಷಿಣ ಪರ್ಯಾಯದ್ವೀಪದ ಒಂದು ಅರೆಶುಷ್ಕ ನದೀಬಯಲು” ಎಂಬರ್ಥದ ಮಾತಿತ್ತು. ಕೇಳಿದರೆ ಗೆಳೆಯರು, “ಊರಿನ ಹೆಸರು ಹಾಕಿದರ ಸ್ಥಳೀಕ ಅಂತ ತಿಳಕೊಂಡು ತಳ್ಳಿಬಿಡತಾರ್ರಿ. ಹಿರಿಯರು ಹಂಗ ಹೇಳಿದರು” ಎಂದರು. ಇದನ್ನು ಕೇಳಿ ನನಗೆ ನಗುವೂ ಬಂದಿತು, ಸಂಕಟವೂ ಆಯಿತು. ಏಕೆಂದರೆ ಎರಡನೆಯ ಪರಿಶೀಲಕನು ಕೇಳಿದ್ದ ಮೊದಲ ಪ್ರಶ್ನೆಯೇ, ಈ ಭೂಮಿ ಇರುವುದೆಲ್ಲಿ ಎಂಬುದಾಗಿತ್ತು.

ನಮ್ಮ ಜಿಲ್ಲೆಯ ಒಂದು ಹಳೆಯ ಪ್ರಬಂಧದ ನೆನಪು ಆಗ ಬಂದಿತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯ ಹೆಸರನ್ನು ವಾಚಕರು ಕೇಳಿರಬಹುದು. ದಕ್ಷಿಣದಲ್ಲಿ ಹಳೆಯ ಶಿಲಾಯುಗದ ಕೊಡಲಿಗಳನ್ನು ಮೊದಲಿಗೆ ಗುರುತಿಸಿದವನು ಆತನೇ. ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು ಕುರಿತು ಆತನು ಬರೆದ ಪ್ರಬಂಧವು 1874ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಪ್ರಕಟಣಮಾಲೆಯಲ್ಲಿ ಅಚ್ಚಾಯಿತು. ಆ ಪ್ರಾಣಿಗೆ ಆತನು ಇಟ್ಟ ಹೆಸರು ದಖ್ಖನದ್ದು. ಪ್ರಬಂಧದ ತಲೆಬರಹದಲ್ಲಿ ಗೋಕಾಕವೂ ಇದೆ, ಬೆಳಗಾಂವಿ ಜಿಲ್ಲೆಯೂ ಇದೆ. ಲಂಡನ್ನಿನಲ್ಲಿ ಓದುವವನಿಗೆ ಗೋಕಾಕವೆಂದರೆ ಏನು ತಿಳಿದೀತು ಎಂದು ಆತನು ಹಿಂಜರಿಯಲಿಲ್ಲ. ತಿಳಿಯದಿದ್ದರೆ ನಕಾಶೆ ನೋಡಿಕೊಳ್ಳಲಿ! ಎರಡು ವರ್ಷಗಳ ಮೇಲೆ, 1876ರಲ್ಲಿ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಆತನ ದೊಡ್ಡ ಗ್ರಂಥವೂ ಹೊರಬಂದಿತು. ನಮ್ಮ ಕಲಾದಗಿಯ ಹೆಸರು ಒಂದು ಶಿಲಾಶ್ರೇಣಿಗೆ ಅಂಟಿಕೊಂಡು ಇಂದಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿ ಬಾಳುತ್ತಿರುವುದು ಆತನ ಕೆಲಸದಿಂದಲೇ. ಪರದೇಶದಿಂದ ಬಂದವನು ನಮ್ಮ ಊರುಗಳ ಹೆಸರನ್ನು ವಿಜ್ಞಾನದಲ್ಲಿ ಬಿತ್ತಿಹೋದನು. ನಾವೋ, ಇಲ್ಲಿಯೇ ಹುಟ್ಟಿ ಇಲ್ಲಿಯ ಮಣ್ಣನ್ನೇ ಹೊತ್ತು ತಂದವರು, ಅದೇ ಹೆಸರನ್ನು ನಾಚಿಕೊಂಡು ಒರಸಿಹಾಕುತ್ತಿದ್ದೇವೆ.

ತಲೆಬರಹವನ್ನು ದಾಟಿ ಒಳಗೆ ಹೋದರೆ ಎದುರಾಗುವುದು ಕರ್ಮಣಿ ಪ್ರಯೋಗದ ಕಾಡು. ಮಣ್ಣು ಸಂಗ್ರಹಿಸಲ್ಪಟ್ಟಿತು, ಒಣಗಿಸಲ್ಪಟ್ಟಿತು, ಜರಡಿ ಹಿಡಿಯಲ್ಪಟ್ಟಿತು. ಯಾರಿಂದ? ಹೇಳುವವರಿಲ್ಲ. ಇಂಗ್ಲಿಷಿನಲ್ಲಿ ಇದು ಹೇಗೋ ನಡೆದೀತು. ಕನ್ನಡಕ್ಕೆ ಕರ್ಮಣಿ ಒಗ್ಗದು. ಆದರೂ ನಮ್ಮ ಸರಕಾರಿ ಪ್ರಕಟಣೆಗಳ, ಪಠ್ಯಪುಸ್ತಕಗಳ ‘ಮಾಡಲಾಯಿತು’, ‘ನೀಡಲಾಯಿತು’ಗಳನ್ನು ನೋಡಿದರೆ ಈ ರೋಗವು ಇಲ್ಲಿಗೂ ಹಬ್ಬಿದ್ದು ಕಾಣುತ್ತದೆ. ಮಾಡಿದವನು ಯಾರೆಂದು ಹೇಳಬೇಕಾಗದ ವ್ಯಾಕರಣವು ಕಚೇರಿಗಳಿಗೆ ಬಹಳ ಹಿತಕರ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ವಿಜ್ಞಾನದ ಕರ್ಮಣಿಗೆ ಒಂದು ಘನತೆಯೂ ಉಂಟು. ಮಣ್ಣನ್ನು ಜರಡಿ ಹಿಡಿದವನು ನಾನಾದರೇನು, ನೀವಾದರೇನು, ಅದೇ ಕ್ರಮದಿಂದ ಹಿಡಿದರೆ ಅದೇ ಫಲ ಬರಬೇಕು ಎಂಬ ನಂಬಿಕೆ ಅದರ ಹಿಂದಿದೆ. ‘ನಾನು’ ಎಂಬುದನ್ನು ಹಿಂದೆ ಸರಿಸುವುದು ನಮ್ಮವರಿಗೆ ಹೊಸ ಮಾತಲ್ಲ. ವಚನಕಾರರು ಅಂಕಿತದಲ್ಲಿ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನಿಟ್ಟರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಬಸವಣ್ಣನವರ ಅಂಕಿತದಲ್ಲಿ ಬಸವಣ್ಣನವರಿಲ್ಲ, ಆದರೆ ಕೂಡಲಸಂಗಮವಿದೆ. ಕುಡಚಿಯನ್ನು ಹಾದುಹೋಗುವ ಇದೇ ಕೃಷ್ಣೆಯು ಕೆಳಗೆ ಮಲಪ್ರಭೆಯನ್ನು ಕೂಡುವ ಊರು ಅದು. ತನ್ನನ್ನು ಮರೆಸಿ ಊರನ್ನು ಉಳಿಸುವುದು ಒಂದು ರೀತಿ. ಇಂದಿನ ಪ್ರಬಂಧಕಾರನು ತಲೆಬರಹದ ಕೆಳಗೆ ತನ್ನ ಹೆಸರನ್ನೂ ಪದವಿಗಳನ್ನೂ ದಪ್ಪಕ್ಷರದಲ್ಲಿಟ್ಟು ಊರನ್ನು ಮರೆಸುತ್ತಾನೆ.

ಈ ಗದ್ಯರೂಪದ ಮೇಲೆ ಬಂದಿರುವ ದೊಡ್ಡ ಆಕ್ಷೇಪಣೆಯೆಂದರೆ ಪೀಟರ್ ಮೆಡಾವರ್ ಅವರದು. ವೈದ್ಯವಿಜ್ಞಾನಕ್ಕಾಗಿ 1960ರಲ್ಲಿ ನೊಬೆಲ್ ಪಡೆದ ಈ ಬ್ರಿಟಿಷ್ ವಿಜ್ಞಾನಿಯು 1963ರಲ್ಲಿ ಬಿಬಿಸಿ ಬಾನುಲಿಯಲ್ಲಿ ಮಾತನಾಡುತ್ತ ವೈಜ್ಞಾನಿಕ ಪ್ರಬಂಧವೇ ಒಂದು ಮೋಸವಲ್ಲವೇ ಎಂದು ಪ್ರಶ್ನೆಯೆತ್ತಿದರು. ಪ್ರಬಂಧದೊಳಗಿನ ಅಂಕಿಗಳು ಸುಳ್ಳೆಂದು ಅವರ ಮಾತಲ್ಲ. ಪೀಠಿಕೆ, ವಿಧಾನ, ಫಲ, ಚರ್ಚೆ ಎಂಬ ಆ ಜೋಡಣೆಯೇ ಸುಳ್ಳು ಎಂದು ಅವರ ವಾದ. ಮನಸ್ಸಿನಲ್ಲಿ ಯಾವ ಊಹೆಯೂ ಇಲ್ಲದೆ ಸಂಗತಿಗಳನ್ನು ಕೂಡಿಹಾಕಿದೆವು, ಅವು ತಾವಾಗಿಯೇ ಒಂದು ಸಿದ್ಧಾಂತವನ್ನು ಹೆತ್ತವು ಎಂದು ಪ್ರಬಂಧವು ನಟಿಸುತ್ತದೆ. ನಿಜದಲ್ಲಿ ಊಹೆಯೇ ಮೊದಲು. ಅದರ ಬೆಳಕಿನಲ್ಲಿಯೇ ಸಂಗತಿಗಳನ್ನು ಹುಡುಕುವುದು. ಚರ್ಚೆಯನ್ನು ಕೊನೆಗಿಡದೆ ಮೊದಲಿಗೇ ಇಡಿರಿ ಎಂದು ಅವರ ಸಲಹೆ.

ನನಗೆ ಈ ವಾದವು ಅರ್ಧ ಮಾತ್ರ ಒಪ್ಪಿಗೆ. ರೂಢಿಯೆಂದು ಓದುಗನಿಗೂ ಬರೆದವನಿಗೂ ಗೊತ್ತಿರುವುದನ್ನು ಮೋಸವೆನ್ನಲಾಗದು. ಬಯಲಾಟದಲ್ಲಿ ರಾಜನು ಎರಡು ಹೆಜ್ಜೆ ಹಾಕಿ ಹಸ್ತಿನಾವತಿಯನ್ನು ಮುಟ್ಟಿದನೆಂದರೆ ಯಾರೂ ಸುಳ್ಳನ್ನುವುದಿಲ್ಲ. ಬಡಿಸುವಾಗ ಎಲೆಗೆ ಬರುವುದು ಹೋಳಿಗೆ. ಸೀದುಹೋದ ಮೊದಲೆರಡನ್ನು ಯಾರೂ ತಂದು ತೋರಿಸುವುದಿಲ್ಲ. ಆದರೆ ಅಡಿಗೆಯಲ್ಲಿ ನಡೆಯುವ ಈ ಮಾತು ವಿಜ್ಞಾನದಲ್ಲಿ ಎಲ್ಲಿಯವರೆಗೆ ನಡೆದೀತು? ಸೀದುಹೋದದ್ದೇ ಮುಖ್ಯ ಸಂಗತಿಯಾಗಿದ್ದರೆ?

ಇದನ್ನು ಸುಮ್ಮನೆ ಕೇಳುತ್ತಿಲ್ಲ. ಗೆಳೆಯರ ಹಸ್ತಪ್ರತಿಯಲ್ಲಿ ಅಧ್ಯಯನದ ಕಾಲವು 2019ರ ಕೊನೆಯಿಂದ ಮೊದಲಾಗುತ್ತಿತ್ತು. ಆದರೆ ಅವರು ಅದಕ್ಕೂ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡು ಬದುಗಳ ಮೇಲೆ ತಿರುಗಿದ್ದನ್ನು ನಾನೇ ಕಂಡಿದ್ದೆ. ಆ ಮಣ್ಣು ಏನಾಯಿತೆಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, ಆ ವರ್ಷ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಅವೆಲ್ಲ ನೀರುಪಾಲಾದುವೆಂದು ಹೇಳಿದರು. 2005ರ ಪ್ರವಾಹವನ್ನು ಕಂಡವರೂ ಬೆಚ್ಚಿದ ಪ್ರವಾಹ ಅದು. ಮೊದಲ ವರ್ಷದ ಶ್ರಮ ಹೋಯಿತೆಂದು ಬರೆಯುವುದು ಅವಮಾನವೆನಿಸಿ ಅವರು ಹೊಸದಾಗಿ ಮೊದಲುಮಾಡಿ, ಪ್ರಬಂಧವನ್ನೂ ಅಲ್ಲಿಂದಲೇ ಮೊದಲುಮಾಡಿದ್ದರು. ಪ್ರವಾಹದ ಮಾತೇ ಅದರಲ್ಲಿಲ್ಲ.

ಎರಡನೆಯ ಪರಿಶೀಲಕನ ಇನ್ನೊಂದು ಪ್ರಶ್ನೆ ಹೀಗಿತ್ತು: ಹೊಳೆಗೆ ಹತ್ತಿರದ ಹೊಲಗಳ ಮೇಲ್ಪದರದಲ್ಲಿ ಉಪ್ಪು ಕಡಿಮೆಯಿದ್ದು ದೂರದ ಹೊಲಗಳಲ್ಲಿ ಹೆಚ್ಚಿರುವುದಕ್ಕೆ ಕಾರಣವೇನು? ಗೆಳೆಯರು ಮಣ್ಣಿನ ಕಣಗಳ ಗಾತ್ರವನ್ನು ಹಿಡಿದು ಒಂದೂವರೆ ಪುಟದ ಉತ್ತರ ಬರೆದಿದ್ದರು. ನಾವು ಇದನ್ನೇ ಮಾತನಾಡುತ್ತ ಕಟ್ಟೆಯ ಮೇಲೆ ಕುಳಿತಾಗ, ಆ ಹೊಲಗಳಲ್ಲಿ ಒಂದರ ಒಡೆಯನು ಅಲ್ಲಿಯೇ ಇದ್ದವನು ಕೇಳಿಸಿಕೊಂಡು ಹೇಳಿದನು: “ಹೊಳಿ ಬಂದು ತೊಳಕೊಂಡು ಹೋತಲ್ರಿ ಮಾಸ್ತರ. ಅದರಾಗ ಕೇಳೂದೇನೈತಿ?”

ಅಳೆದು ನೋಡುವವರೆಗೆ ಅದೂ ಒಂದು ಊಹೆಯೇ. ಬರೀ ತೊಳೆದುಹೋಯಿತೋ, ಹೊಸ ಮೆಕ್ಕಲು ಮೇಲೆ ಕುಳಿತಿತೋ, ಎರಡೂ ಆಯಿತೋ ರಸಾಯನಶಾಸ್ತ್ರಜ್ಞರು ಹೇಳಬೇಕು. ಆದರೆ ನನಗೆ ಕಂಡ ಸಂಗತಿ ಇದು: ತಲೆಬರಹದಲ್ಲಿ ಕುಡಚಿಯೆಂದಿದ್ದರೆ, ಪರಿಶೀಲಕನು ಜರ್ಮನಿಯಲ್ಲಿ ಕುಳಿತಿದ್ದರೂ, 2019ರಲ್ಲಿ ಆ ಊರಿಗೆ ನೀರು ನುಗ್ಗಿದ್ದನ್ನು ಅರ್ಧ ಗಳಿಗೆಯಲ್ಲಿ ತಿಳಿದುಕೊಳ್ಳಬಹುದಿತ್ತು. ‘ಅರೆಶುಷ್ಕ ನದೀಬಯಲಿ’ನಲ್ಲಿ ಪ್ರವಾಹ ಬರುವುದಿಲ್ಲ. ಅದಕ್ಕೆ ನದಿಯಿಲ್ಲ, ಆಗಸ್ಟಿಲ್ಲ, ಒಡೆಯನಿಲ್ಲ. ಊರನ್ನು ತೆಗೆದದ್ದು ಶೈಲಿಯ ದೋಷವೆಂದು ನಾನು ಮೊದಲು ತಿಳಿದಿದ್ದೆ. ಅದು ವಿಜ್ಞಾನದ ದೋಷವಾಗಿತ್ತು.

ಪರಿಶೀಲಕರನ್ನು ಶಪಿಸುವುದು ಪ್ರಬಂಧಕಾರರ ನಿತ್ಯವಿಧಿ. ಅದರಲ್ಲಿಯೂ ‘ಎರಡನೆಯ ಪರಿಶೀಲಕ’ನೆಂದರೆ ಜಗತ್ತಿನ ವಿಜ್ಞಾನಿಗಳೆಲ್ಲ ಹಲ್ಲು ಕಡಿಯುತ್ತಾರಂತೆ. ಮೊದಲನೆಯವನು ಮೂರು ಸಾಲಿನಲ್ಲಿ ಹೊಗಳಿ ಕೈತೊಳೆದುಕೊಳ್ಳುತ್ತಾನೆ. ಎರಡನೆಯವನು ಹನ್ನೊಂದು ಪ್ರಶ್ನೆ ಕೇಳುತ್ತಾನೆ. ಐನ್‌ಸ್ಟೈನರೂ ಈ ಸಿಟ್ಟಿಗೆ ಹೊರತಾಗಿರಲಿಲ್ಲ. 1936ರಲ್ಲಿ ಗುರುತ್ವದ ಅಲೆಗಳನ್ನು ಕುರಿತು ರೋಸೆನ್ ಅವರೊಡನೆ ಬರೆದ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆಯು ಹೆಸರು ತಿಳಿಸದ ಪರಿಶೀಲಕನೊಬ್ಬನಿಗೆ ತೋರಿಸಿತೆಂದು ಮುನಿದು ಅದನ್ನು ಹಿಂದಕ್ಕೆ ಪಡೆದರು. ಆದರೆ ಆ ಪರಿಶೀಲಕನು ಕಂಡ ತಪ್ಪು ನಿಜವಾಗಿಯೂ ತಪ್ಪೇ ಆಗಿತ್ತು. ಮರುವರ್ಷ ಪ್ರಬಂಧವು ಬೇರೊಂದು ಪತ್ರಿಕೆಯಲ್ಲಿ ಬಂದಾಗ ಅದರ ತೀರ್ಮಾನವು ಬದಲಾಗಿತ್ತು. ಐನ್‌ಸ್ಟೈನರಿಗೆ ಬೇಕಾಗಿದ್ದ ಎರಡನೆಯ ಪರಿಶೀಲಕನು ನಮಗೆ ಬೇಡವೆಂದರೆ ಹೇಗೆ?

ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದ ಉದಾಹರಣೆ ಬೆಂಗಳೂರಿನದು. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಗೆ ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು ಸಂಪಾದಕರಾಗಿದ್ದರು. 1911ರಲ್ಲಿ ಅವರ ಕೈಗೆ ಒಬ್ಬ ತರುಣನ ಹಸ್ತಪ್ರತಿ ಬಂದಿತು. ಬರ್ನೌಲಿ ಸಂಖ್ಯೆಗಳನ್ನು ಕುರಿತದ್ದು. ಬರೆದವನಿಗೆ ಕಾಲೇಜಿನ ಪದವಿಯಿರಲಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇರಲಿಲ್ಲ. ಅವನೇ ಶ್ರೀನಿವಾಸ ರಾಮಾನುಜನ್. ಆ ಹಸ್ತಪ್ರತಿಯು ಅಚ್ಚಿಗೆ ಹೋಗುವ ಮೊದಲು ಸಂಪಾದಕರಿಗೂ ಲೇಖಕನಿಗೂ ನಡುವೆ ಮೂರು ಸಲ ಹೋಗಿಬಂದಿತು. ವಿಧಾನಗಳು ಹೊಸವು, ಮಾತು ಅತಿ ಸಂಕ್ಷಿಪ್ತ, ನಿರೂಪಣೆ ಅಸ್ಪಷ್ಟ. ಸಾಮಾನ್ಯ ಓದುಗನು ಹಿಂಬಾಲಿಸಲಾರನೆಂದು ಸಂಪಾದಕರ ತಕರಾರು.

ಈ ಪ್ರಸಂಗವನ್ನು ನಮ್ಮವರು ಹೇಳುವಾಗ ರಾಮಾನುಜನ್ನನ ಪ್ರತಿಭೆಯ ಕಡೆಗೆ ಕೈಮುಗಿದು ಮುಂದೆ ಸಾಗುತ್ತಾರೆ. ವಿಮರ್ಶಕನಾದವನು ಸಂಪಾದಕರ ಕಡೆಗೂ ನೋಡಬೇಕು. ಅರ್ಥವಾಗದುದನ್ನು ಎರಡು ರೀತಿಯಲ್ಲಿ ಮುಗಿಸಬಹುದಿತ್ತು: ಬುಟ್ಟಿಗೆ ಎಸೆಯುವುದು, ಇಲ್ಲವೆ ಅರ್ಥವಾದಂತೆ ನಟಿಸಿ ಅಚ್ಚಿಗೆ ಕೊಡುವುದು. ನಾರಾಯಣ ಅಯ್ಯಂಗಾರ್ಯರು ಎರಡನ್ನೂ ಮಾಡದೆ ಮೂರು ಸಲ ಅಂಚೆಯ ಮೂಲಕ ಜಗಳವಾಡಿದರು. ಓದುಗನ ಪಕ್ಷ ವಹಿಸಿ ಲೇಖಕನನ್ನು ಬಗ್ಗಿಸುತ್ತ, ಲೇಖಕನ ಪಕ್ಷ ವಹಿಸಿ ತಮ್ಮ ತಾಳ್ಮೆಯನ್ನು ಎಳೆಯುತ್ತ ಹೋದರು. ಅದೇ ವರ್ಷ ರಾಮಾನುಜನ್ ಅದೇ ಪತ್ರಿಕೆಯಲ್ಲಿ ಓದುಗರಿಗೊಂದು ಪ್ರಶ್ನೆ ಹಾಕಿದ್ದನು: ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಸಾಗುವ ಸಾಲಿನ ಬೆಲೆಯೆಷ್ಟು? ತಿಂಗಳುಗಟ್ಟಲೆ ಕಾದರೂ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಅವನೇ ಹೇಳಿದನು. ಉತ್ತರ ಬರೀ 3. ಅಂಥವನನ್ನು ತಿದ್ದುವ ಸಂಪಾದಕನಿಗೆ ಎಷ್ಟು ಎದೆಗಾರಿಕೆ ಬೇಕು, ಎಷ್ಟು ವಿನಯ ಬೇಕು!

ಆ ಕಾಲೇಜಿನ ಮಾತು ಬಂದುದರಿಂದ ಇನ್ನೆರಡು ಹೆಸರು. 1918ರಲ್ಲಿ ಕನ್ನಡದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರು ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. 1932ರಲ್ಲಿ ಬೆಂಗಳೂರಿನಿಂದ ಹೊರಟು ಇಂದಿಗೂ ನಡೆದಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾಯರು ಅಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು. ಕಪ್ಪೆಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ‘ವಿಜ್ಞಾನ’ವು ಬಹುಕಾಲ ಬಾಳಲಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ತಿಳಿಸಿಹೇಳುವ ಬರವಣಿಗೆ ಆಮೇಲೆ ಹುಲುಸಾಗಿ ಬೆಳೆಯಿತು. ಶಿವರಾಮ ಕಾರಂತರಂಥವರು ಒಬ್ಬರೇ ಸಂಪುಟಗಳನ್ನು ಬರೆದು ಹಾಕಿದರು. ಆದರೆ ಹೊಸದಾಗಿ ಕಂಡುಹಿಡಿದುದನ್ನು ಮೊದಲಿಗೆ ಕನ್ನಡದಲ್ಲಿಯೇ ವಾದಿಸಿ ಸ್ಥಾಪಿಸುವ ಗದ್ಯವು ಹುಟ್ಟಿತೇ? ಹುಟ್ಟಲಿಲ್ಲವೆಂದೇ ನನ್ನ ಎಣಿಕೆ. ತಿಳಿದುದನ್ನು ಹಂಚುವ ಕನ್ನಡ ನಮಗಿದೆ. ತಿಳಿಯದುದರೊಡನೆ ಸೆಣಸುವ ಕನ್ನಡವಿಲ್ಲ. ಪರಿಭಾಷೆಯಿಲ್ಲದ್ದೇ ಕಾರಣವೆನ್ನುವವರನ್ನು ನಾನು ನಂಬುವುದಿಲ್ಲ. ಸವಳು, ಜವಳು, ಎರೆ, ಮಸಾರಿ, ಮೆಕ್ಕಲು, ಬಸಿಗಾಲುವೆ ಎಂದು ನಮ್ಮ ಒಕ್ಕಲಿಗನು ಒಂದೇ ಉಸಿರಿನಲ್ಲಿ ಹೇಳುವ ಪದಗಳಿಗೆ ಗೆಳೆಯರ ಹಸ್ತಪ್ರತಿಯಲ್ಲಿ ಎರಡೆರಡು ಸಾಲಿನ ವಿವರಣೆ ಬೇಕಾಗಿತ್ತು.

ಎರಡೂ ಲೇಖನಿಗಳನ್ನು ಹಿಡಿದವರಲ್ಲಿ ಬಿ. ಜಿ. ಎಲ್. ಸ್ವಾಮಿಯವರಿಗೆ ಸಮನಾದವರಿಲ್ಲ. ‘ಹಸುರು ಹೊನ್ನು’ ಬರೆದು 1978ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ಸ್ವಾಮಿಯವರನ್ನು ಕನ್ನಡ ಓದುಗರೆಲ್ಲ ಬಲ್ಲರು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಕೂಡಿ ಪ್ರಬಂಧಗಳನ್ನು ಬರೆದ ಸ್ವಾಮಿಯವರನ್ನು ಬಲ್ಲವರು ಕಡಿಮೆ. 1948ರಲ್ಲಿ ಈ ಇಬ್ಬರೂ ಆರ್ನಲ್ಡ್ ಆರ್ಬೊರೇಟಮ್ಮಿನ ಪತ್ರಿಕೆಯಲ್ಲಿ ಅಂಬೊರೆಲ್ಲ ಎಂಬ ಸಸ್ಯವನ್ನು ಕುರಿತು ಹತ್ತು ಪುಟಗಳ ಒಂದು ಪ್ರಬಂಧವನ್ನು ಅಚ್ಚುಮಾಡಿಸಿದರು. ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಗಿಡ ಅದು. ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿ ಇರುವ ನೀರ್ನಾಳಗಳು ಅದರ ಮರದಲ್ಲಿಲ್ಲವೆಂಬುದು ಅವರು ತೋರಿಸಿದ ಸಂಗತಿ. ಅಷ್ಟನ್ನು ಹೇಳಿ ನಿಂತರು. ಐವತ್ತು ವರ್ಷಗಳು ಕಳೆದು 1999ರಲ್ಲಿ ಜೀನುಗಳನ್ನು ಹೋಲಿಸಿ ನೋಡಿದವರು, ಇಂದು ಬದುಕಿರುವ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಅಂಬೊರೆಲ್ಲದ್ದೆಂದು ಕಂಡುಕೊಂಡಾಗ ಆ ಹಳೆಯ ಹತ್ತು ಪುಟಗಳು ಹಾಗೆಯೇ ಗಟ್ಟಿಯಾಗಿ ಉಳಿದಿದ್ದವು. ಕಂಡಷ್ಟನ್ನು ಹೇಳಿದ ಗದ್ಯಕ್ಕೆ ಇರುವ ಬಾಳಿಕೆ ಅದು. ಸ್ವಾಮಿಯವರ ಕನ್ನಡದಲ್ಲಿ ಎಲೆಯ ಅಂಚು, ದೇಟು, ವಾಸನೆಗಳು ಕಣ್ಣಿಗೆ ಕಟ್ಟುವುದಕ್ಕೂ ಈ ಶಿಸ್ತಿಗೂ ನಂಟಿದೆಯೆಂದು ನನಗೆ ತೋರುತ್ತದೆ. ಹಾಸ್ಯವನ್ನು ಅವರು ಎಲ್ಲಿಂದ ತಂದರೋ, ಅದು ಬೇರೆ ಮಾತು. ಯಾವ ಪತ್ರಿಕೆಯ ಪರಿಶೀಲಕರೂ ಅದನ್ನು ಕಲಿಸಿಕೊಟ್ಟಿರಲಾರರು.

ಇನ್ನು ಇಂದಿನ ಹೀನಾಯವಾದ ಭಾಗಕ್ಕೆ ಬರಬೇಕು. ಬೇಗನೆ ದಾಟಿಬಿಡುತ್ತೇನೆ. ಸಂಶೋಧನ ಪದವಿಯ ಮಹಾಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಪ್ರಬಂಧವಾದರೂ ಪತ್ರಿಕೆಯಲ್ಲಿ ಬಂದಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮಮಾಡಿತು. ಬಡ್ತಿಗೂ ಪ್ರಬಂಧಗಳ ಲೆಕ್ಕ ಬಂದಿತು. ಲೆಕ್ಕ ಕೇಳಿದಲ್ಲಿ ಲೆಕ್ಕ ತುಂಬಿಸಿಕೊಡುವ ಅಂಗಡಿಗಳು ಹುಟ್ಟಲೇಬೇಕಲ್ಲ. ದುಡ್ಡು ಕೊಟ್ಟರೆ ಯಾವ ಪರಿಶೀಲಕನ ಕಣ್ಣಿಗೂ ಬೀಳದೆ ಅಚ್ಚಾಗುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಆಯೋಗವು 2019ರಲ್ಲಿ ಒಳ್ಳೆಯ ಪತ್ರಿಕೆಗಳದೊಂದು ಪಟ್ಟಿ ಮಾಡಿತು. 2022ರಲ್ಲಿ ಹಳೆಯ ಕಡ್ಡಾಯವನ್ನು ಕೈಬಿಟ್ಟಿತು. 2025ರಲ್ಲಿ ಪಟ್ಟಿಯನ್ನೂ ಕೈಬಿಟ್ಟಿತು. ಅಂಗಡಿಗಳು ಮಾತ್ರ ಮುಚ್ಚಲಿಲ್ಲ. ಗೆಳೆಯರಿಗೂ ಅಂಥದೊಂದು ಓಲೆ ಬಂದಿತ್ತು. ಅವರನ್ನು ‘ಪ್ರಖ್ಯಾತ ವಿದ್ವಾಂಸ’ರೆಂದು ಸಂಬೋಧಿಸಿ, ಎಂಟು ದಿನಗಳಲ್ಲಿ ಅಚ್ಚುಮಾಡುತ್ತೇವೆ, ಇಷ್ಟು ರೂಪಾಯಿ ಕಳುಹಿಸಿರಿ ಎಂದಿತ್ತು. ಅವರ ಬಡ್ತಿಯ ಕಾಗದಗಳನ್ನು ಒಪ್ಪಿಸುವ ದಿನವು ಹತ್ತಿರದಲ್ಲಿತ್ತು. ಹನ್ನೊಂದು ಪ್ರಶ್ನೆಗಳಿಗೆ ಉತ್ತರ ಬರೆಯುವುದೋ, ಎಂಟು ದಿನ ಕಾಯುವುದೋ? ಇದನ್ನು ಓದುತ್ತಿರುವ ಅನೇಕ ಅಧ್ಯಾಪಕರು ಈ ಕವಲಿನಲ್ಲಿ ನಿಂತವರೇ ಇರಬೇಕು. ನೀತಿ ಹೇಳುವ ಅಧಿಕಾರ ನನಗಿಲ್ಲ. ನನಗೆ ಬಡ್ತಿಯ ಹಂಗಿಲ್ಲ.

ವಿಮರ್ಶಕನಾಗಿ ಒಂದನ್ನು ಹೇಳಬಲ್ಲೆ. ಪರಿಶೀಲಕರಿಗೆ ಕೊಡುವ ಉತ್ತರಪತ್ರವೇ ಈ ಇಡೀ ವ್ಯವಹಾರದಲ್ಲಿ ಹೆಚ್ಚು ಜೀವವುಳ್ಳ ಗದ್ಯ. ಪ್ರಬಂಧದಲ್ಲಿ ಮಾಯವಾದ ‘ನಾನು’ ಇಲ್ಲಿ ಮರಳಿ ಬರುತ್ತಾನೆ. ಕರ್ಮಣಿ ಕರಗುತ್ತದೆ. “ನೀವು ಕೇಳಿದ್ದು ಸರಿ, ನಾನು ಇದನ್ನು ನೋಡಿರಲಿಲ್ಲ” ಎಂದು ಬರೆಯಬೇಕಾಗುತ್ತದೆ, ಇಲ್ಲವೆ “ಇಲ್ಲಿ ತಾವು ತಪ್ಪಿದ್ದೀರಿ, ಕಾರಣ ಹೀಗಿದೆ” ಎಂದು ಮರ್ಯಾದೆ ಕೆಡದಂತೆ ಬರೆಯಬೇಕಾಗುತ್ತದೆ. ಹೆಸರು ತಿಳಿಯದ ಒಬ್ಬ ಓದುಗನೊಡನೆ, ಅವನು ತನಗಿಂತ ಜಾಣನಿರಬಹುದೆಂಬ ಅಳುಕಿನಿಂದ ಮಾತನಾಡುವ ಗದ್ಯ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಇಂಥ ಪತ್ರ ಬರೆಯುವ ರೂಢಿಯಿದ್ದಿದ್ದರೆ ಎಷ್ಟು ಕಾದಂಬರಿಗಳು ನೂರು ಪುಟ ಕಡಿಮೆಯಾಗುತ್ತಿದ್ದವೋ! ಆದರೆ ಈ ಪತ್ರಗಳು ಬಹುಮಟ್ಟಿಗೆ ಅಚ್ಚಾಗುವುದಿಲ್ಲ. ಈಚೆಗೆ ಕೆಲವು ಪತ್ರಿಕೆಗಳು ಪ್ರಬಂಧದ ಜತೆಗೆ ಅವನ್ನೂ ಪ್ರಕಟಿಸತೊಡಗಿರುವುದು ಒಳ್ಳೆಯ ಲಕ್ಷಣ.

ಗೆಳೆಯರು ಎಂಟು ದಿನದ ಓಲೆಗೆ ಉತ್ತರಿಸಲಿಲ್ಲ. ಬಡ್ತಿಯ ದಿನ ಹಾಗೆಯೇ ಕಳೆದುಹೋಯಿತು. ಮನೆಯಲ್ಲಿ ಅದಕ್ಕಾಗಿ ನಡೆದ ಮಾತುಗಳನ್ನು ನಾನಿಲ್ಲಿ ಬರೆಯಲಾರೆ. ನಾಲ್ಕು ಭಾನುವಾರ ನಾವಿಬ್ಬರೂ ಕುಳಿತು ಹಸ್ತಪ್ರತಿಯನ್ನು ತಿದ್ದಿದೆವು. ತಲೆಬರಹವು ಹನ್ನೆರಡು ಪದಗಳಿಗೆ ಇಳಿಯಿತು. ಅದರಲ್ಲಿ ಕೃಷ್ಣೆ ಬಂದಳು, ಕುಡಚಿ ಬಂದಿತು. ವಿಧಾನದ ಭಾಗದಲ್ಲಿ ಮೊದಲ ವರ್ಷದ ಮಣ್ಣು ಪ್ರವಾಹಕ್ಕೆ ಹೋಯಿತೆಂಬ ಒಂದು ಸಾಲು ಸೇರಿತು. ಆ ಸಾಲನ್ನು ಅವರು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದರು; ನಾಲ್ಕನೆಯ ಸಲ ಉಳಿಯಿತು. ಕಣಗಳ ಗಾತ್ರದ ಒಂದೂವರೆ ಪುಟವು ಅರ್ಧ ಪುಟವಾಗಿ, ಪ್ರವಾಹವು ಉಪ್ಪನ್ನು ತೊಳೆದಿರಬಹುದೆಂಬ ಊಹೆಯೂ, ಅದನ್ನು ಪರೀಕ್ಷಿಸಲು ಹಳೆಯ ಮಣ್ಣು ಕೈಯಲ್ಲಿಲ್ಲವೆಂಬ ಒಪ್ಪಿಗೆಯೂ ಅದರ ಪಕ್ಕದಲ್ಲಿ ಕುಳಿತವು. ಕೃತಜ್ಞತೆಯ ಭಾಗದಲ್ಲಿ ಇಲಾಖೆಗಳ ಹೆಸರುಗಳ ಕೆಳಗೆ ಹೊಲದ ಒಡೆಯರನ್ನು ನೆನೆಯುವ ಒಂದು ವಾಕ್ಯವನ್ನು ನಾನು ಹಟಮಾಡಿ ಸೇರಿಸಿದೆ. ಆ ಊಹೆ ಅವನದೇ ಆಗಿರುವಾಗ ಲೇಖಕರ ಸಾಲಿನಲ್ಲಿ ಏಕೆ ಸೇರಿಸಬಾರದು ಎಂದು ಕೇಳಿದ್ದಕ್ಕೆ ಗೆಳೆಯರು, “ಅಷ್ಟ ಬ್ಯಾಡ್ರಿ” ಎಂದು ನಕ್ಕರು. ಈ ಒಂದು ವಿಷಯದಲ್ಲಿ ನಾನು ಸೋತೆ. ಸೋತದ್ದು ಸರಿಯೆಂದು ನನಗೆ ಇನ್ನೂ ಅನಿಸಿಲ್ಲ.

ಎಲ್ಲಿದೆ ಎಂದು ಕೇಳಿದ ಪರಿಶೀಲಕನಿಗಾಗಿ ಒಂದು ನಕಾಶೆಯನ್ನೂ ಬರೆದುಕೊಟ್ಟೆವು. ಮಿರಜದ ಕಡೆಯಿಂದ ಉಗಾರವನ್ನು ದಾಟಿ ಬರುವ ರೈಲು ಹಳಿ, ಹೊಳೆಯ ಮೇಲಿನ ಸೇತುವೆ, ಈಚೆ ದಂಡೆಯಲ್ಲಿ ಊರು. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಚುಕ್ಕೆಗಳ ಗೆರೆಯೊಂದನ್ನು ಎಳೆಯಬೇಕಾಗಿತ್ತು. ಗೆಳೆಯರಿಗೂ ನನಗೂ ಒಂದು ಕಡೆ ಒಮ್ಮತವಾಗಲಿಲ್ಲ. ಕಟ್ಟೆಯ ಮೇಲಿನ ಆ ಒಕ್ಕಲಿಗನನ್ನು ಕರೆಸಿದೆವು. ಅವನು ಕನ್ನಡಕವನ್ನು ಏರಿಸಿ ಕಾಗದವನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಪೆನ್ಸಿಲನ್ನು ತಾನೇ ತೆಗೆದುಕೊಂಡು ನಮ್ಮ ಗೆರೆಯನ್ನು ಒರಸಿ, ಎರಡು ಹೊಲಗಳಷ್ಟು ಮೇಲಕ್ಕೆ ಎಳೆದನು.